ನಮ್ಮ ಭಾವನ ಕೈಗೆ ಸಿಕ್ಕ ಬಿಸಿಲು

ಕುವೈತಿನ ಬಿಸಿಲು ಯಾರ ಮಾತನ್ನೂ ಕೇಳುವುದಿಲ್ಲ ಎಂದು ನೀವು ನಂಬಿದ್ದರೆ, ನಿಮಗೆ ನಮ್ಮ ಭಾವನ ಪರಿಚಯ ಇಲ್ಲ ಎಂದೇ ಅರ್ಥ. ಅವರು ಕೈ ಎತ್ತಿದರೆ ಬಿಸಿಲು ಒಳಗೆ ಬರುತ್ತಿತ್ತು. ಇಳಿಸಿದರೆ ಹೊರಗೆ ಹೋಗುತ್ತಿತ್ತು. ಐದು ಬೆರಳು ಕೂಡಿಸಿ ತೋರಿಸಿದರೆ ಎಲ್ಲಿತ್ತೋ ಅಲ್ಲೇ ನಿಂತು ಮುಂದಿನ ಅಪ್ಪಣೆಗೆ ಕಾಯುತ್ತಿತ್ತು! ಇದು ಉತ್ಪ್ರೇಕ್ಷೆಯಲ್ಲ. ಸರಿ, ಸ್ವಲ್ಪ ಉತ್ಪ್ರೇಕ್ಷೆ. ಇಲ್ಲಿನ ಮಿರ್ಕಾಬ್ ಬಡಾವಣೆಯ ಒಂದು ಕಟ್ಟಡದ ಒಂದೇ ಒಂದು ಕೋಣೆಯಲ್ಲಿ ಕೆಲವು ವಾರ ನಡೆದ ಸಂಗತಿ ಇದು. ಆದರೆ ಒಂದು ಕೋಣೆಯಷ್ಟು ಬಿಸಿಲನ್ನಾದರೂ ಹದ್ದುಬಸ್ತಿನಲ್ಲಿ ಇಟ್ಟವರು ನಿಮ್ಮ ನೆಂಟರಲ್ಲಿ ಎಷ್ಟು ಮಂದಿ ಇದ್ದಾರೆ, ಹೇಳಿ ನೋಡುವ?

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿಯ ಹತ್ತಿರ, ಮನೆ ಅಬ್ಬಾಸಿಯಾದ ಎರಡು ಕೋಣೆಯ ಫ್ಲ್ಯಾಟು, ಕೆಲಸ ಶುವೈಖಿನ ಒಂದು ಪರದೆ ಕಂಪೆನಿಯಲ್ಲಿ ಫೋರ್‌ಮನ್. ಅದೇ ಕಂಪೆನಿಯ ಆಫೀಸಿನಲ್ಲಿ ಕಾಗದಪತ್ರ ಜೋಡಿಸಿಡುವ ಕೆಲಸ ನನ್ನದು. ನನ್ನನ್ನು ಇಲ್ಲಿಗೆ ಕರೆಸಿಕೊಂಡವರೂ ಅವರೇ. ಹಾಗಾಗಿ ಅವರನ್ನು ತಮಾಷೆ ಮಾಡುವ ಮೊದಲು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ.

ಭಾವನ ಮಾತು ಹೊರಡುವುದು ಬಾಯಿಯಿಂದಲೇ. ಆದರೆ ಅರ್ಥ ಮಾತ್ರ ಕೈಯಿಂದ ಬರುತ್ತದೆ. ಒಂದು ಮದುವೆಯ ಊಟ ಹೇಗಿತ್ತು ಎಂದು ಕೇಳಿದರೆ ಎಲೆ ಹಾಸಿ, ಉಪ್ಪು ಬಡಿಸಿ, ಸಾರು ಹರಿದುಹೋಗದಂತೆ ಅನ್ನಕ್ಕೆ ಕಟ್ಟೆ ಕಟ್ಟಿ, ಎಲ್ಲವನ್ನೂ ಗಾಳಿಯಲ್ಲೇ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಕೇಳಿದವನಿಗೆ ಹಸಿವಾಗುತ್ತಿತ್ತು. ಪಕ್ಕದಲ್ಲಿ ಕೂತವನ ಕನ್ನಡಕ ಬೀಳುತ್ತಿತ್ತು.

ಇಂಥವರು ಕಾರು ಓಡಿಸಿದರೆ ಏನಾಗಬೇಡ? ಭಾವನ ಹಳೆಯ ಕಾರಿನಲ್ಲಿ ಅಕ್ಕ ಮಾತನ್ನೇ ನಿಷೇಧಿಸಿದ್ದಳು.

"ಇವತ್ತು ಸೈಟಲ್ಲಿ ಎಂತ ಆಯ್ತು ಗೊತ್ತುಂಟಾ..."

"ಮನೆಗೆ ಹೋಗಿ ಹೇಳಿ. ಈಗ ಸ್ಟೇರಿಂಗ್ ಹಿಡ್ಕೊಳ್ಳಿ."

"ಹಿಡ್ಕೊಂಡೇ ಇದ್ದೇನಲ್ಲ!"

"ನೀವು ಹಿಡ್ಕೊಂಡದ್ದು ನನ್ನ ಕೈ."

ತೀರಾ ಮುಖ್ಯವಾದ ಸಂಗತಿ ಇದ್ದರೆ ಭಾವ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ನಾಲ್ಕೂ ದೀಪ ಮಿನುಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಹೇಳಿ ಮುಗಿಸಿ ಮತ್ತೆ ಹೊರಡುತ್ತಿದ್ದರು. ಒಮ್ಮೆ ಹೀಗೆ ನಿಂತಾಗ ಪೊಲೀಸ್ ಗಾಡಿ ಬಂತು. ಕಾರು ಕೆಟ್ಟಿದೆಯೇ ಎಂದು ಪೊಲೀಸಿನವನು ಅರಬ್ಬಿಯಲ್ಲಿ ಕೇಳಿದ. ಭಾವ ಇಳಿದುಹೋಗಿ, ಅರ್ಧ ನಿಮಿಷದಲ್ಲಿ ಇಡೀ ಕಥೆಯನ್ನು ಕೈಯಲ್ಲೇ ಅವನಿಗೂ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಭಾವನ ಬೆನ್ನು ತಟ್ಟಿ ಹೋದ. ನನಗೆ ಇದು ಚಿತ್ರದ ಹಾಗೆ ನೆನಪಿದೆ. ಆದರೆ ಅಕ್ಕ ಹೇಳುವ ಪ್ರಕಾರ ಅವನು ಪೊಲೀಸಲ್ಲ, ಕೆಟ್ಟ ಗಾಡಿ ಎಳೆಯುವ ಟ್ರಕ್ಕಿನವನು, ನಗಲೂ ಇಲ್ಲ, ಬೈದ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ನನ್ನದು ಹೆಚ್ಚು ಚೆನ್ನಾಗಿರುವುದರಿಂದ ನನ್ನದೇ ಸುಳ್ಳಿರಬೇಕು.

ಭಾವನ ಕೈ ಹೀಗಾದದ್ದಕ್ಕೆ ಕಾರಣವಿದೆ. ಪರದೆ ಕೂರಿಸುವ ಕೆಲಸದಲ್ಲಿ ಫೋರ್‌ಮನ್ ನೆಲದ ಮೇಲೆ ನಿಂತಿರುತ್ತಾನೆ, ಕೆಲಸದವನು ಏಣಿಯ ತುದಿಯಲ್ಲಿರುತ್ತಾನೆ. ನಡುವೆ ಡ್ರಿಲ್ಲಿಂಗ್ ಮೆಷಿನ್ನಿನ ಗದ್ದಲ. ಏಣಿಯ ಮೇಲಿರುವವನು ಬಾಂಗ್ಲಾದವನೋ ಕೇರಳದವನೋ ಈಜಿಪ್ಟಿನವನೋ, ಕೆಳಗಿರುವವರು ತುಳು ಮಾತಾಡುವ ನಮ್ಮ ಭಾವ. ಬಾಯಿಯನ್ನು ನಂಬಿದರೆ ಪರದೆ ಕಿಟಕಿಗೆ ಬದಲು ಬಾಗಿಲಿಗೆ ಬೀಳುತ್ತದೆ! ಆದ್ದರಿಂದ ಇಪ್ಪತ್ತು ವರ್ಷದಲ್ಲಿ ಅವರದೇ ಒಂದು ಕೈಭಾಷೆ ಬೆಳೆದಿತ್ತು. ಅಂಗೈ ಮೇಲೆ ಮಾಡಿ ಎತ್ತಿದರೆ 'ಏರಿಸು', ಕವುಚಿ ಇಳಿಸಿದರೆ 'ಇಳಿಸು', ಮಣಿಕಟ್ಟು ತಿರುವಿದರೆ 'ಸ್ವಲ್ಪ ಓರೆ ಮಾಡು'. ಐದು ಬೆರಳ ತುದಿ ಕೂಡಿಸಿ ಮೇಲಕ್ಕೆ ತೋರಿಸಿದರೆ 'ನಿಲ್ಲು'. ಈ ಕೊನೆಯದನ್ನು ಭಾವ ಅರಬರಿಂದ ಕಲಿತದ್ದು. ಅವರು 'ಶುವಯ್ ಶುವಯ್', ಸ್ವಲ್ಪ ತಡಿ, ಎನ್ನುವಾಗ ಹಾಗೆ ಮಾಡುತ್ತಾರೆ.

ಬೆಳಕಿನ ವಿಷಯದಲ್ಲಿ ಭಾವನಿಗೆ ಬಹಳ ಮಡಿ. ಬೆಳಿಗ್ಗೆ ಏಳರ ಬೆಳಕು ನೀರು ಮಜ್ಜಿಗೆ, ಎಷ್ಟು ಬೇಕಾದರೂ ಒಳಗೆ ಬಿಡಬಹುದು. ಹನ್ನೊಂದರದ್ದು ಉಪ್ಪಿನಕಾಯಿ, ಬೆರಳ ತುದಿಯಷ್ಟು ಸಾಕು. ಒಂದು ಗಂಟೆಯದನ್ನು ಶತ್ರುವಿನ ಮನೆಗೂ ಬಿಡಬಾರದು. ಇಷ್ಟೆಲ್ಲ ಉಪದೇಶ ಮಾಡುವವರ ಸ್ವಂತ ಮನೆಯ ಕಿಟಕಿಗೆ ಏನಿತ್ತು ಗೊತ್ತೆ? ಅಬ್ಬಾಸಿಯಾದಲ್ಲಿ ಎಲ್ಲರೂ ಅಂಟಿಸುವ ಹಾಗೆ, ಚಪಾತಿ ಸುತ್ತುವ ಬೆಳ್ಳಿ ಹಾಳೆ!

"ಊರವರ ಕಿಟಕಿಗೆಲ್ಲ ರೇಷ್ಮೆ. ನಮ್ಮ ಕಿಟಕಿಗೆ ಟಿಫಿನ್ ಕಟ್ಟಿದ್ದಾರೆ" ಎನ್ನುತ್ತಿದ್ದಳು ಅಕ್ಕ.

"ಅಡಿಗೆಯವನು ತನ್ನ ಹೋಟೆಲಲ್ಲಿ ಉಣ್ತಾನಾ?" ಎಂದು ಭಾವ ಕೇಳುತ್ತಿದ್ದರು. ಜತೆಗೆ ಕೈಯಿಂದ ಒಂದು ಹೋಟೆಲನ್ನೇ ಕಟ್ಟಿ ತೋರಿಸುತ್ತಿದ್ದರು.

ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು, ನಮ್ಮ ಕಂಪೆನಿಗೆ ಮಿರ್ಕಾಬಿನ ಆ ಸ್ಮಾರ್ಟ್ ಕಟ್ಟಡದ ಕೆಲಸ ಸಿಕ್ಕಿತು. ಮೇಲಿನ ಮಹಡಿಯ ದೊಡ್ಡ ಸಭಾಕೋಣೆಯಲ್ಲಿ ಹನ್ನೆರಡು ಕಿಟಕಿ, ಹನ್ನೆರಡಕ್ಕೂ ಮೋಟಾರಿನ ಪಟ್ಟಿ ಪರದೆ. ಎಳೆಯಲು ಹಗ್ಗವಿಲ್ಲ, ಒತ್ತಲು ಗುಂಡಿಯಿಲ್ಲ. ಛಾವಣಿಯಲ್ಲಿ ಕೂತ ಕ್ಯಾಮೆರಾ ನಿಮ್ಮ ಕೈ ನೋಡಿ ಪರದೆಯನ್ನು ಆಡಿಸುತ್ತದೆ. ಭಾವ ಅದರ ಮುಂದೆ ಬಾಯಿ ತೆರೆದು ನಿಂತರು. ಆಮೇಲೆ ನನ್ನ ಕಿವಿಯಲ್ಲಿ, "ಇದು ನನ್ನ ಕೆಲಸ ಅಲ್ಲವಾ ಮಾರಾಯ? ನನ್ನನ್ನೇ ಅಲ್ಲಿ ಮೇಲೆ ಅಂಟಿಸಿದ ಹಾಗೆ ಉಂಟು" ಎಂದರು.

ಅವರು ಹೇಳಿದ್ದು ತಮಾಷೆಗಲ್ಲ. ಅದೇ ವಾರ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಭಾವನನ್ನು ಕರೆಸಿ ಸ್ಪಷ್ಟವಾಗಿ ಹೇಳಿದ್ದರು: "ನಿನ್ನ ಇಕಾಮಾ ಬರುವ ತಿಂಗಳು ಮುಗಿಯುತ್ತದೆ. ಹಳೆಯ ಫೋರ್‌ಮನ್‌ಗಳನ್ನು ಕಳಿಸಲು ಮೇಲಿನಿಂದ ಹೇಳಿದ್ದಾರೆ. ಈ ಕಟ್ಟಡವನ್ನು ಮಾಲೀಕರು ಒಪ್ಪಿಕೊಂಡರೆ ನಿನಗೆ ಇನ್ನೆರಡು ವರ್ಷ ಕೇಳುತ್ತೇನೆ. ಒಪ್ಪದಿದ್ದರೆ ಖಲಾಸ್."

ಇಕಾಮಾ ಎಂದರೆ ಇಲ್ಲಿ ಇರಲಿಕ್ಕೆ ಸರಕಾರ ಕೊಡುವ ಪರವಾನಗಿ. ಅಕ್ಕನದೂ ಮಗಳದೂ ಭಾವನದಕ್ಕೆ ಜೋತುಬಿದ್ದಿತ್ತು. ಮಗಳು ಹನ್ನೆರಡನೆಯ ತರಗತಿ, ಬೋರ್ಡ್ ಪರೀಕ್ಷೆಗೆ ಕೆಲವೇ ತಿಂಗಳು. ಈಗ ಊರಿಗೆ ಹೊರಟರೆ ಅವಳ ಒಂದು ವರ್ಷ ನೀರಿನಲ್ಲಿ ಹೋಮ. ಅವಳಿಗೆ ಈ ಸುದ್ದಿ ತಿಳಿಯಬಾರದೆಂದು ಭಾವ ನನ್ನಿಂದ ಭಾಷೆ ತೆಗೆದುಕೊಂಡರು. ಅವಳೋ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಅಪ್ಪ ಊಟ ಬಿಟ್ಟು ಎದ್ದರೆ "ಪಪ್ಪಾ, ಚಿಲ್" ಎನ್ನುತ್ತಿದ್ದಳು, ಅಷ್ಟೆ.

ಆ ಯಂತ್ರಕ್ಕೆ ಕೈಭಾಷೆ ಕಲಿಸಲು ಕೊಚ್ಚಿಯ ಇಂಜಿನಿಯರಮ್ಮ ಒಬ್ಬರು ಬಂದಿದ್ದರು. ಬಹಳ ಚುರುಕು, ಬಹಳ ಅವಸರ. ಭಾವ ಏಣಿಯವನಿಗೆ ಕೈ ತೋರಿಸುವುದನ್ನು ನೋಡಿ ಅವರಿಗೆ ಖುಷಿಯಾಯಿತು. "ಕಂಪೆನಿ ಪುಸ್ತಕದಲ್ಲಿರುವ ಸನ್ನೆಗಳು ಯಾರಿಗೂ ನೆನಪಿರುವುದಿಲ್ಲ. ಚೇಟ್ಟಾ, ನಿಮ್ಮದನ್ನೇ ಇಡೋಣ" ಎಂದರು, ಮಲಯಾಳದಲ್ಲಿ ಅಣ್ಣ ಎಂದು ಕರೆಯುತ್ತ. ಭಾವ ಎರಡು ಇಂಚು ಎತ್ತರವಾದರು. "ಒಂದೊಂದು ಸನ್ನೆಗೂ ಇನ್ನೂರು ಸಲ ಕೈ ತೋರಿಸಬೇಕು. ಬೇರೆ ಬೇರೆ ಕೈ ಇರಲಿ, ಮರೆಯಬೇಡಿ" ಎಂದು ಹೇಳಿ, ಲ್ಯಾಪ್‌ಟಾಪ್ ತೆರೆದಿಟ್ಟು, ಅವರು ಇನ್ನೊಂದು ಸೈಟಿಗೆ ಹೋದರು.

ಬೇರೆ ಬೇರೆ ಕೈ! ಇಂಜಿನಿಯರಮ್ಮನ ಅರ್ಥದಲ್ಲಿ ಅದು ಬೇರೆ ಬೇರೆ ಜನರ ಕೈ. ಆದರೆ ಇಪ್ಪತ್ತು ವರ್ಷ ಫೋರ್‌ಮನ್ ಆಗಿದ್ದವನ ಧರ್ಮವೇ ಬೇರೆ. ಏಣಿಯ ಕೆಳಗೆ ಕೈ ತೋರಿಸುವವನು ಒಬ್ಬನೇ ಇರಬೇಕು. ಇಬ್ಬರು ತೋರಿಸಿದರೆ ಮೇಲಿರುವವನು ಬೀಳುತ್ತಾನೆ. ಈ ನಿಯಮ ಭಾವನ ರಕ್ತದಲ್ಲಿತ್ತು. ಹಾಗಾಗಿ ಅವರು ಯಾರನ್ನೂ ಒಳಗೆ ಬಿಡದೆ ಬಾಗಿಲು ಹಾಕಿಕೊಂಡು ತಾವೊಬ್ಬರೇ ತೋರಿಸಿದರು. ಬಲಗೈ, ಎಡಗೈ. ವಾಚು ಕಟ್ಟಿದ ಕೈ, ವಾಚು ಬಿಚ್ಚಿದ ಕೈ. ಉದ್ದ ತೋಳು, ಮಡಚಿದ ತೋಳು. ಕೈಗವಸು ಹಾಕಿ ಒಮ್ಮೆ. ಎರಡನೆಯ ದಿನ ಮನೆಯಿಂದ ಅಕ್ಕನ ಬಳೆ ತಂದು ಹಾಕಿಕೊಂಡು, "ಹೆಂಗಸರೂ ಬರ್ತಾರಲ್ಲ ಇಲ್ಲಿ" ಎಂದು ಹೆಂಗಸರ ಪಾಲನ್ನೂ ಮುಗಿಸಿದರು! ನಾನು ಕಾಗದಕ್ಕೆ ಸಹಿ ಹಾಕಿಸಲು ಹೋದಾಗ ಬಳೆ ತೊಟ್ಟ ಭಾವ ಖಾಲಿ ಕೋಣೆಯಲ್ಲಿ ಕಿಟಕಿಗಳಿಗೆ 'ಶುವಯ್ ಶುವಯ್' ಮಾಡುತ್ತಿದ್ದರು. ನಾನು ಬಾಗಿಲು ಮೆಲ್ಲಗೆ ಮುಚ್ಚಿ ವಾಪಸು ಬಂದೆ.

ಯಂತ್ರ ಬುದ್ಧಿವಂತ. ಬಳೆ, ಗವಸು, ವಾಚು ಎಲ್ಲದರ ಹಿಂದೆ ಇರುವುದು ಒಂದೇ ಕೈ ಎಂದು ಅದು ಕಂಡುಕೊಂಡಿತು. ಆ ಕೈ ಬಂದರೆ ಕೇಳು, ಉಳಿದವರು ಕುಣಿದರೂ ಸುಮ್ಮನಿರು ಎಂದು ತೀರ್ಮಾನಿಸಿತು.

ಇದು ಆಗ ನಮಗಾರಿಗೂ ಗೊತ್ತಾಗಲಿಲ್ಲ. ಮೊದಲ ಸಲ ಆ ಕೋಣೆಯಲ್ಲಿ ಕಂಪೆನಿಯ ಮೀಟಿಂಗ್ ನಡೆದಾಗ ಭಾವ ಕೆಲಸದ ವಿವರ ಹೇಳಲು ಎದ್ದರು. 'ಮೊದಲು ಸಾಮಾನು ಬಂತು' ಎಂದಾಗ ಪರದೆ ಏರಿತು. 'ಆಮೇಲೆ ಸ್ಕ್ರೂ ಸಾಕಾಗಲಿಲ್ಲ' ಎಂದಾಗ ಇಳಿಯಿತು. 'ಹೇಗೋ ಮಾಡಿ...' ಎಂದು ಮಣಿಕಟ್ಟು ತಿರುವಿದಾಗ ಹನ್ನೆರಡು ಕಿಟಕಿಯ ಪಟ್ಟಿಗಳೆಲ್ಲ ಓರೆಯಾಗಿ ಮುದೀರರ ಮುಖಕ್ಕೆ ಬಿಸಿಲು ಹೊಡೆಯಿತು. ಇಂಜಿನಿಯರಮ್ಮ ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿ, "ಸೆನ್ಸರ್ ಸ್ವಲ್ಪ ಸೂಕ್ಷ್ಮವಾಗಿದೆ, ಸರಿಮಾಡುತ್ತೇನೆ" ಎಂದರು. ಉಳಿದವರು ಕೈ ಕಟ್ಟಿ ಕೂತಿದ್ದರು, ಕೈ ಆಡಿಸಿದವರು ಭಾವ ಒಬ್ಬರೇ. ಇಷ್ಟು ಸಣ್ಣ ಸಂಗತಿ ಅಲ್ಲಿದ್ದ ಏಳೆಂಟು ಬುದ್ಧಿವಂತರ ಗಮನಕ್ಕೆ ಬರಲೇ ಇಲ್ಲ. ಕೋಣೆಯಲ್ಲಿ ಚಹಾ ಹಂಚುತ್ತಿದ್ದ ನಮ್ಮ ಬ್ಯಾರಿ ಕಾಕ ಮಾತ್ರ ಹೊರಗೆ ಬಂದು, "ನಿಮ್ಮ ಭಾವನಿಗೆ ಮಾತು ಕಡಿಮೆ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ, ನನಗೆ ಕಣ್ಣು ಕತ್ತಲೆ ಬರ್ತದೆ" ಎಂದರು. ಅದು ಹಾಸ್ಯ ಎಂದು ನಕ್ಕು ಬಿಟ್ಟೆ.

ಒಪ್ಪಿಸುವ ದಿನ ಬಂತು. ಬೆಳಿಗ್ಗೆ ಹನ್ನೊಂದು, ಭಾವನ ಲೆಕ್ಕದಲ್ಲಿ ಉಪ್ಪಿನಕಾಯಿ ಬೆಳಕು. ಮಾಲೀಕರು ಬಂದರು: ಎಂಬತ್ತರ ಹತ್ತಿರದ ಕುವೈತಿ ಮುದುಕರು, ಬಿಳಿ ನಿಲುವಂಗಿ, ಎಡಗೈಯಲ್ಲಿ ಊರುಗೋಲು, ಬಲಗೈ ಸಣ್ಣಗೆ ನಡುಗುತ್ತಿತ್ತು. ಜತೆಗೆ ಅವರ ಕಡೆಯ ಇನ್‌ಸ್ಪೆಕ್ಟರ್, ಒಬ್ಬ ಈಜಿಪ್ಟಿನವರು, ಕೈಯಲ್ಲಿ ಪರೀಕ್ಷೆಯ ಪಟ್ಟಿ. ಮುದೀರ್, ಇಂಜಿನಿಯರಮ್ಮ ಮುಂದೆ. ಭಾವನೂ ಫೈಲು ಹಿಡಿದ ನಾನೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆವು.

ಇನ್‌ಸ್ಪೆಕ್ಟರ್ ಅಂಗೈ ಎತ್ತಿದರು. ಪರದೆ ಅಲುಗಲಿಲ್ಲ. ಇನ್ನಷ್ಟು ಎತ್ತಿದರು. ಇಲ್ಲ. ಮುದೀರ್ ಎತ್ತಿದರು. ಇಂಜಿನಿಯರಮ್ಮ ಎತ್ತಿದರು. ಮೂವರೂ ಕೈ ಎತ್ತಿ ನಿಂತದ್ದು ನೋಡಿದರೆ ಕೊನೆಯ ಬಸ್ಸು ನಿಲ್ಲಿಸದೆ ಹೋದ ಹಾಗಿತ್ತು.

"ಎಂತ ಆಯ್ತು ಮಾರಾಯ ಇದಕ್ಕೆ?" ಎಂದು ಭಾವ ನನ್ನ ಕಡೆ ತಿರುಗಿ ಅಂಗೈ ಮೇಲೆ ಮಾಡಿದರು.

ಹನ್ನೆರಡು ಪರದೆಗಳೂ ಒಟ್ಟಿಗೆ ಏರಿದವು!

"ಆಹಾ, ತಮಾಮ್, ಸರಿಯಾಗಿದೆ" ಎಂದರು ಇನ್‌ಸ್ಪೆಕ್ಟರ್, ತಮ್ಮ ಕೈಯನ್ನೇ ಮೆಚ್ಚಿ ನೋಡಿಕೊಳ್ಳುತ್ತ.

ಭಾವ ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೈ" ಎಂದು ಪಿಸುಗುಟ್ಟಿದರು. "ಇದಕ್ಕೆ ನನ್ನ ಕೈ ಮಾತ್ರ ಗೊತ್ತುಂಟು."

"ಜೇಬಿಗೆ ಹಾಕಿ ಭಾವ!"

"ಹಾಕಿದ್ರೆ ಫೇಲು, ಹಾಕದಿದ್ರೆ ಮೋಸ. ಎಂತ ಮಾಡುದು ಹೇಳು?" ಎಂದು ಎರಡೂ ಕೈ ಕೆಳಗೆ ಚೆಲ್ಲಿದರು. ಪರದೆಗಳು ದಡದಡನೆ ಇಳಿದವು. ಇನ್‌ಸ್ಪೆಕ್ಟರ್ ಅದೇ ಹೊತ್ತಿಗೆ ಕೈ ಇಳಿಸುತ್ತಿದ್ದುದು ನಮ್ಮ ಪುಣ್ಯ. ಅವರು ಪಟ್ಟಿಯಲ್ಲಿ ಇನ್ನೊಂದು ಗುರುತು ಹಾಕಿದರು.

ಮುಂದಿನ ಐದು ನಿಮಿಷ ಭಾವ ಮೋಸವನ್ನೇ ಆರಿಸಿಕೊಂಡರು. ಮುಂದೆ ಇನ್‌ಸ್ಪೆಕ್ಟರ್ ಕೈ ಎತ್ತಿದರೆ ಹಿಂದೆ ಭಾವನ ಕೈಯೂ ಏರುತ್ತಿತ್ತು. ಅವರು ತಿರುವಿದರೆ ಇವರದೂ ತಿರುಗುತ್ತಿತ್ತು. ಭಾವನ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳುವಂತಿಲ್ಲ. ಒರೆಸಿಕೊಂಡರೆ ಯಾವ ಕಿಟಕಿ ಏನು ಮಾಡುತ್ತದೋ! ಇನ್ನೊಂದೇ ಪರೀಕ್ಷೆ ಉಳಿದಿತ್ತು, 'ನಿಲ್ಲು'. ಆಗ ಮಾಲೀಕರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಿಂದಕ್ಕೆ ತಿರುಗಿದರು. ತಿರುಗಿದವರ ಕಣ್ಣಿಗೆ ಬಿದ್ದದ್ದು, ಐದು ಬೆರಳು ಕೂಡಿಸಿ ಛಾವಣಿಗೆ ತೋರಿಸುತ್ತ ನಿಂತ ನಮ್ಮ ಭಾವ.

ಮುದೀರರ ಮುಖದಲ್ಲಿ ಖಲಾಸ್ ಎಂದು ಬರೆದಿತ್ತು.

"ಕೌನ್ ಹೈ ತುಮ್?" ಎಂದರು ಮಾಲೀಕರು. ಹಡಗಿನಲ್ಲಿ ಬೊಂಬಾಯಿಗೆ ಖರ್ಜೂರ ಕಳಿಸುತ್ತಿದ್ದ ಕಾಲದವರು, ಹಿಂದಿ ಬರುತ್ತಿತ್ತು.

"ಪರ್ದಾವಾಲಾ" ಎಂದರು ಭಾವ. ನಂತರ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಇನ್ನೂರು ಸಲ, ವಾಚು, ಗವಸು, ಬಳೆ. ಬೇರೆ ಯಾರನ್ನೂ ಕರೆಯದ್ದು ತಮ್ಮದೇ ತಪ್ಪು, ಈ ಅಮ್ಮನದಲ್ಲ. ಬಳೆಯ ಮಾತು ಬಂದಾಗ ಮಾಲೀಕರ ಗಡ್ಡ ಸ್ವಲ್ಪ ಅಲುಗಿತು.

ಅವರು ಕಿಟಕಿಗಳ ಕಡೆ ತಿರುಗಿ ತಮ್ಮ ನಡುಗುವ ಬಲಗೈ ಎತ್ತಲು ನೋಡಿದರು. ಅದು ಎದೆಯ ತನಕ ಬಂದು ನಿಂತಿತು. ಪರದೆ ಅಲುಗಲಿಲ್ಲ. ಮತ್ತೆ ನೋಡಿದರು. ಆಗ ಭಾವ ಯಾರ ಅಪ್ಪಣೆಯನ್ನೂ ಕೇಳದೆ ಮುಂದೆ ಹೋಗಿ, ಮಾಲೀಕರ ಕೈಯ ಕೆಳಗೆ ತಮ್ಮ ಅಂಗೈ ಇಟ್ಟು, ಮೆಲ್ಲಗೆ, ಏಣಿಯ ಮೇಲೆ ಹೊಸಬನೊಬ್ಬ ಇದ್ದಾಗ ಎತ್ತುವ ಹಾಗೆ, ಎತ್ತಿದರು. ಪರದೆಗಳು ಏರಿದವು.

ನನ್ನ ನೆನಪಿನಲ್ಲಿ ಆಗ ಒಳಗೆ ಬಂದ ಬೆಳಕು ಬಂಗಾರದ ಬಣ್ಣದ್ದು. ಕುವೈತಿನಲ್ಲಿ ಹನ್ನೊಂದು ಗಂಟೆಗೆ ಬಂಗಾರದ ಬೆಳಕು ಎಲ್ಲಿಂದ ಬರಬೇಕು? ಸುಣ್ಣದ ಬಿಳುಪು ಇದ್ದಿರಬೇಕು. ಬಂಗಾರವನ್ನು ದಯವಿಟ್ಟು ಹೊಡೆದುಹಾಕಿ. ಮಾಲೀಕರ ಕಣ್ಣು ಒದ್ದೆಯಾಯಿತು ಎಂದು ಭಾವ ಇವತ್ತಿಗೂ ಹೇಳುತ್ತಾರೆ. ಭಾವ ಹಿಡಿದದ್ದು ಕೈಯಲ್ಲ, ಮೊಣಕೈ ಎಂದು ಇಂಜಿನಿಯರಮ್ಮ ಹೇಳಿದ್ದುಂಟು. ಇವುಗಳಲ್ಲಿ ನಾನು ಯಾವುದಕ್ಕೂ ಸಾಕ್ಷಿ ಹೇಳಲಾರೆ. ಆಮೇಲಿನ ಮಾತನ್ನು ಮಾತ್ರ ಕಿವಿಯಾರೆ ಕೇಳಿದೆ.

"ಇದು ಲೆಕ್ಕಕ್ಕಿಲ್ಲ" ಎಂದರು ಇನ್‌ಸ್ಪೆಕ್ಟರ್. "ಇನ್ನೊಬ್ಬರ ಸಹಾಯ ಇದ್ದರೆ ಪರೀಕ್ಷೆ ಫೇಲ್."

"ಇನ್ನೊಬ್ಬರ ಸಹಾಯ ಇಲ್ಲದೆ ನನಗೆ ಚಹಾದ ಲೋಟವೂ ಏಳುವುದಿಲ್ಲ" ಎಂದರು ಮಾಲೀಕರು. "ಹಾಗಾದರೆ ನಾನೂ ಫೇಲಾ?"

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

"ಈ ಕಟ್ಟಡದಲ್ಲಿ ಕೆಲಸ ಮಾಡುವ ಎಲ್ಲರ ಕೈಯನ್ನೂ ಇದಕ್ಕೆ ಕಲಿಸಬೇಕು" ಎಂದರು ಮಾಲೀಕರು ಮುದೀರರಿಗೆ. "ಗುಡಿಸುವವನದು, ಚಹಾ ಕೊಡುವವನದು, ನನ್ನದು. ನಡುಗುವ ಕೈಯೂ ಅದಕ್ಕೆ ತಿಳಿಯಬೇಕು. ಕಲಿಸುವವನು ಇವನು. ಅಲ್ಲಿಯವರೆಗೆ ಇವನು ಎಲ್ಲಿಗೂ ಹೋಗುವುದಿಲ್ಲ. ಯಲ್ಲಾ, ಬೇಗ, ಕಾಗದ ಎಲ್ಲಿ?"

ಕಾಗದ ನನ್ನ ಹತ್ತಿರವಿತ್ತು. ಸಹಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಮುದೀರ್ ಅಲ್ಲೇ ಫೋನ್ ಮಾಡಿ ಭಾವನ ಇಕಾಮಾ ಎರಡು ವರ್ಷಕ್ಕೆ ಬರೆಸಿದರು.

ಮಧ್ಯಾಹ್ನ ಅಬ್ಬಾಸಿಯಾಕ್ಕೆ ನಾನೂ ಭಾವನ ಜತೆ ಹೋದೆ. ದಾರಿಯಲ್ಲಿ ಮೂರು ಸಲ ಕಾರು ಬದಿಗೆ ನಿಲ್ಲಿಸಿದರು! ಅಕ್ಕ ಬಾಗಿಲಲ್ಲೇ ಮುಖ ನೋಡಿ ತಿಳಿದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಮಗಳು ಶಾಲೆಯಿಂದ ಬಂದಿದ್ದಳು, ಇನ್ನೂ ಯೂನಿಫಾರ್ಮಿನಲ್ಲಿದ್ದಳು.

"ರಿನ್ಯೂ ಆಯ್ತಾ ಪಪ್ಪಾ?" ಎಂದಳು.

ಭಾವ ನನ್ನನ್ನು ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಅಕ್ಕ ಅಡಿಗೆ ಕೋಣೆಯಿಂದ ಇಣುಕಿ ಅವಳೂ ತಲೆಯಾಡಿಸಿದಳು.

"ಆಯ್ತು ಮಗಾ. ಎರಡು ವರ್ಷ."

ಅವಳು ಕೋಣೆಗೆ ಹೋಗಿ ಹನ್ನೆರಡನೆಯ ತರಗತಿಯ ಪುಸ್ತಕಗಳನ್ನೆಲ್ಲ ತಂದು ನೆಲದ ಮೇಲೆ ಇಟ್ಟಳು. ಹೊಸದಾಗಿ ತಂದ ಹಾಗೇ ಇದ್ದವು. ಒಂದರಲ್ಲೂ ಗೆರೆ ಎಳೆದಿರಲಿಲ್ಲ, ಒಂದರ ಮೊದಲ ಪುಟದಲ್ಲೂ ಹೆಸರಿರಲಿಲ್ಲ.

"ಹೆಸರು ಬರೆದ್ರೆ ಮತ್ತೆ ಬೇರೆಯವರಿಗೆ ಕೊಡ್ಲಿಕ್ಕೆ ಆಗುದಿಲ್ಲಲ್ಲ" ಎಂದಳು, ಕನ್ನಡದಲ್ಲೇ. "ಇಕಾಮಾ ಮುಗಿಯುವ ತಾರೀಕು ನನ್ನ ಕಾರ್ಡಲ್ಲೂ ಉಂಟಲ್ಲ. ಅದಕ್ಕೆ ಶುರುವಿಂದಲೇ ಬರೀಲಿಲ್ಲ."

ಭಾವ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಅವಳು ಅಲ್ಲೇ ಚಕ್ಕಳಮಕ್ಕಳ ಕೂತು, ತನ್ನ ಹೆಸರು, ಅದರ ಮುಂದೆ ಅಪ್ಪನ ಹೆಸರು, ಒಂದಾದ ಮೇಲೊಂದು ಪುಸ್ತಕಕ್ಕೆ ಬರೆಯುತ್ತ ಹೋದಳು. ಬರೆದ ಪ್ರತಿಯೊಂದನ್ನೂ ಭಾವ ತೆಗೆದುಕೊಂಡು, ಶಾಯಿ ಒಣಗುವ ತನಕ, ಎರಡೂ ಕೈಯಲ್ಲಿ ತೆರೆದು ಹಿಡಿದು ನಿಂತರು.